ಹಿಡಿಯುವ ಎಣ್ಣೆ

ಹೊಳೆಯ ದಂಡೆಯ ಮೇಲೆ ಒಂದು ಮಠ. ಮಠ ಅಂದರೆ ಏನು ಮಹಾ, ನಾಲ್ಕು ಕಂಬದ ಪಡಸಾಲೆ, ಒಂದು ದಾಸೋಹದ ಒಲೆ, ಹಿತ್ತಲಲ್ಲಿ ಒಂದು ಗರಡಿಮನೆ. ಅಷ್ಟೇ.

ಅಲ್ಲಿ ಒಬ್ಬರು ಅಜ್ಜಾರು. ಕಾವಿ ಉಡುವ ಮುಂಚೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಕುಸ್ತಿ ಹಿಡಿದವರು. ಅವರಿಗೆ ಒಬ್ಬ ಶಿಷ್ಯ, ಮುರಿಗೆಪ್ಪ. ಮೂವತ್ತರ ಗಟ್ಟಿ ಆಳು. ಮನಸ್ಸು ಮಾತ್ರ ಬೆಣ್ಣೆ.

ಹಸಿದು ಬಂದವರಿಗೆ ಇಲ್ಲ ಅನ್ನಬಾರದು, ಇದು ಆ ಮಠದ ಪದ್ಧತಿ. ಮುರಿಗೆಪ್ಪ ಅದನ್ನು ಎಷ್ಟು ಭಕ್ತಿಯಿಂದ ಪಾಲಿಸಿದನೆಂದರೆ, ಬಂದು ಮೂರು ವರ್ಷವಾದರೂ ಯಾರಿಗೂ ಯಾವುದಕ್ಕೂ ಇಲ್ಲ ಅಂದವನೇ ಅಲ್ಲ. ಹಸಿದವರಿಗೂ ಹೂಂ, ಹೊಟ್ಟೆ ತುಂಬಿದವರಿಗೂ ಹೂಂ!

ಮಠಕ್ಕೆ ಒಂದು ಗಾಡಿ ಇತ್ತು. ನಾಲ್ಕು ದಪ್ಪ ಗಾಲಿ, ಬೈಕಿನಂಥ ಹ್ಯಾಂಡಲ್ಲು. ಎ.ಟಿ.ವಿ. ಅಂತ ಅದರ ಹೆಸರು, ಊರವರು ಕರೆಯುವುದು ಏಡಿ ಅಂತ. ಹೊಳೆಯ ನಡುಗಡ್ಡೆಯ ಮಂದಿಗೆ ದಂಡೆಗೆ ಬರಲು ಅದೇ ಗತಿ. ನೀರು ಮೊಣಕಾಲಿಗೆ ಇಳಿದಾಗ ದೋಣಿಯ ತಳ ನೆಲಕ್ಕೆ ಹತ್ತುತ್ತದೆ, ಟ್ರ್ಯಾಕ್ಟರು ಮರಳಲ್ಲಿ ಹೂತುಹೋಗುತ್ತದೆ. ಏಡಿ ಮಾತ್ರ ಸರಸರ ದಾಟುತ್ತದೆ.

ಆ ವಾರವಂತೂ ಮುರಿಗೆಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಯಾಕೆ ಅಂತೀರಾ? ನಡುಗಡ್ಡೆಯ ಹೊಳೆವ್ವ ಹತ್ತನೇ ತರಗತಿಯ ಗಣಿತ ಪರೀಕ್ಷೆ ಬರೆಯುವವಳಿದ್ದಳು. ನಲವತ್ತೆರಡು ವಯಸ್ಸು, ಅಂಗನವಾಡಿಯಲ್ಲಿ ಅಡುಗೆ ಕೆಲಸ. ಉಳಿದ ವಿಷಯ ಎಲ್ಲ ಪಾಸು, ಗಣಿತದಲ್ಲಿ ಎರಡು ಸಲ ಡುಮ್ಕಿ. ಈ ಸಲ ತಪ್ಪಿದರೆ ಪುಸ್ತಕ ಮುಟ್ಟುವುದಿಲ್ಲ ಅಂತ ಗಂಡನ ಮುಂದೆ ಆಣೆ ಮಾಡಿದ್ದಳು. ಆರು ತಿಂಗಳಿಂದ ಪಡಸಾಲೆಯಲ್ಲಿ ಕೂರಿಸಿ ಅವಳಿಗೆ ಲೆಕ್ಕ ಹೇಳಿಕೊಟ್ಟವನು ಮುರಿಗೆಪ್ಪನೇ.

ಪರೀಕ್ಷೆ ಗುರುವಾರ. ಎಂಟೂವರೆಯ ಬಸ್ಸಿಗೆ ಅವಳನ್ನು ದಂಡೆ ಹತ್ತಿಸಬೇಕು. ಮುಂದಿನ ಬಸ್ಸು ಮಧ್ಯಾಹ್ನಕ್ಕೆ.

ಬುಧವಾರ ಬೆಳಿಗ್ಗೆ ಮುರಿಗೆಪ್ಪ ಏಡಿಯ ಗೇರಿನ ಹಳೆ ಎಣ್ಣೆ ಇಳಿಸಿ ಹೊಸದು ಸುರಿದ. ಊರಿನ ಸಾಹುಕಾರರೊಬ್ಬರು ತಮ್ಮ ಕಾರಿಗೆ ತಂದದ್ದರಲ್ಲಿ ಒಂದು ಡಬ್ಬಿ ಮಠದ ಸೇವೆಗೆ ಅಂತ ಕೊಟ್ಟಿದ್ದರು. ಬಂಗಾರದ ಬಣ್ಣದ ಡಬ್ಬಿ!

"ಅಜ್ಜಾರ, ಇಲ್ಲಿ ನೋಡ್ರಿ! ಬೆರಳಿಗೆ ಹಚ್ಚಿದ್ರ ನಿಲ್ಲವಲ್ದು, ಏನು ನುಣುಪು ಅಂತೀರಿ! ನಾಳೆ ನಮ್ಮ ಏಡಿ ಹಾರತೈತಿ!"

ಅಜ್ಜಾರು ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಹಾರಸು, ನೋಡೋಣು."

ಮುರಿಗೆಪ್ಪ ಏಡಿಯನ್ನು ಹೊಳೆಗಿಳಿಸಿ ದಂಡೆಯ ದಿಬ್ಬಕ್ಕೆ ತಿರುಗಿಸಿದ. ಇಂಜಿನ್ನು ಭೋರ್ ಅಂದಿತು. ಗಾಲಿ ಮಾತ್ರ ಮನಸ್ಸಿಲ್ಲದ ಎತ್ತಿನ ಹಾಗೆ ನಾಲ್ಕು ಹೆಜ್ಜೆ ಹೋಗಿ ನಿಂತವು. ಆಕ್ಸಿಲರೇಟರಿನ ಕಿವಿ ಇನ್ನಷ್ಟು ಹಿಂಡಿದ. ಇಂಜಿನ್ನು ಇನ್ನಷ್ಟು ಕೂಗಿತು, ಗಾಡಿ ಹಿಂದಕ್ಕೆ ಜಾರಿ ನೀರಿಗೆ ಇಳಿಯಿತು.

ಅವನು ಗಾಡಿಯಿಂದ ಜಿಗಿದ.

"ಅಜ್ಜಾರ, ಇಂಜಿನ್ ಕೆಟ್ಟೈತ್ರಿ!"

"ಇಷ್ಟು ಜೋರು ಒದರಾಕತ್ತೈತಿ. ಕೆಟ್ಟಿದ್ದು ಹ್ಯಾಂಗ ಒದರೀತೋ?"

"ಮತ್ತ ಗಾಲಿ ಯಾಕ ತಿರುಗವಲ್ವು? ನಾಳೆ ಹೊಳೆವ್ವಕ್ಕನ ಗತಿ ಏನ್ರಿ?"

"ಅಂಗಿ ತೆಗಿ. ಗರಡಿಗೆ ಬಾ. ಆ ಡಬ್ಬ್ಯಾಗ ಉಳದದ್ದು ತಗೊಂಡು ಬಾ."

ಇದೇನಪ್ಪಾ, ಮನೆಗೆ ಬೆಂಕಿ ಬಿದ್ದಾಗ ಕುಸ್ತಿಯೇ? ಆದರೆ ಇಲ್ಲ ಅಂದು ಗೊತ್ತಿದ್ದರೆ ತಾನೇ. ಹೋದ.

ಅಜ್ಜಾರು ತಮ್ಮ ತೋಳಿಗೆ ಆ ಎಣ್ಣೆ ಸವರಿಕೊಂಡರು. ಅವನ ಅಂಗೈಗೂ ಸುರಿದರು.

"ಹಿಡಿ ನನ್ನ."

ಮುರಿಗೆಪ್ಪ ಹಿಡಿದ. ಜಾರಿತು. ಎರಡೂ ಕೈಲಿ ಹಿಡಿದ. ಜಾರಿತು. ಮೂರನೆಯ ಸಲ ಅಪ್ಪಿ ಹಿಡಿಯಲು ಹೋಗಿ ತಾನೇ ಮುಗ್ಗರಿಸಿದ. ಎಪ್ಪತ್ತು ದಾಟಿದ ಮುದುಕರು ಸಣ್ಣ ಹುಡುಗರ ಹಾಗೆ ಕೇಕೆ ಹಾಕಿ ನಕ್ಕರು.

"ಸೀಗಿಕಾಯಿ ಹಚ್ಚಿ ತೊಳಕೊಂಡು ಬಾ. ನಾನೂ ತೊಳಕೋತೀನಿ."

ಬಂದ ಮೇಲೆ ಅಜ್ಜಾರು ಕುಸ್ತಿ ಕಣದ ಕೆಂಪು ಮಣ್ಣನ್ನು ಒಂದು ಹಿಡಿ ಎತ್ತಿದರು.

"ಹೋದ ವಾರ ಈ ಮಣ್ಣಿಗೆ ಏನೇನು ಕಲಸೀದಿ?"

"ಒಳ್ಳೆಣ್ಣಿ, ಮಜ್ಜಿಗಿ, ಅರಿಷಿಣ."

"ಎಣ್ಣಿ ಐತಿ ಅಂದಂಗಾತು."

"ಹೌದ್ರಿ, ಎರಡು ಡಬ್ಬಿ ಸುರುವೀನಿ."

ಅಜ್ಜಾರು ಆ ಮಣ್ಣನ್ನು ಇಬ್ಬರ ಮೈಗೂ ತಿಕ್ಕಿದರು. ಮುರಿಗೆಪ್ಪ ಕಣ್ಣು ಪಿಳುಕಿಸುವುದರೊಳಗೆ ಅವನ ತೋಳು ಅವರ ಮುಷ್ಟಿಯಲ್ಲಿತ್ತು. ಇಕ್ಕಳ ಹಾಕಿದ ಹಾಗೆ ಹಿಡಿತ! ಮರುಕ್ಷಣ ಅವನು ಅಂಗಾತ ಬಿದ್ದು ಗರಡಿಯ ಜಂತಿ ಎಣಿಸುತ್ತಿದ್ದ.

"ಅದ್ರಾಗೂ ಎಣ್ಣಿ, ಇದ್ರಾಗೂ ಎಣ್ಣಿ. ಅದು ಯಾಕ ಬಿಡ್ತು, ಇದು ಯಾಕ ಹಿಡೀತು?"

ಮುರಿಗೆಪ್ಪ ಬಿದ್ದಲ್ಲೇ ಯೋಚಿಸಿದ. ಆಮೇಲೆ ಚಂಗನೆ ಎದ್ದು ಕೂತ.

"ಕ್ಲಚ್ಚು! ಅಜ್ಜಾರ, ಕ್ಲಚ್ಚು! ಏಡಿದು ಕ್ಲಚ್ ಪ್ಲೇಟು ಗೇರಿನ ಎಣ್ಣ್ಯಾಗ ಮುಳುಗಿ ಕುಂದರತಾವ. ಒಂದು ಪ್ಲೇಟು ಇನ್ನೊಂದನ್ನ ಗಟ್ಟ್ಯಾಗಿ ಹಿಡದ್ರನ ಇಂಜಿನ್ನಿನ ಜೋರು ಗಾಲಿಗೆ ಮುಟ್ಟತೈತಿ. ಗೇರಿಗೆ ನುಣುಪು ಬೇಕು, ಪ್ಲೇಟಿಗೆ ಹಿಡಿತ ಬೇಕು. ಎರಡಕ್ಕೂ ಒಂದ ಎಣ್ಣಿ. ನಾ ಬರೇ ನುಣುಪು ನೋಡಿದೆ!"

"ಡಬ್ಬಿ ಮ್ಯಾಲ ಕಾರಿಗೆ ಅಂತ ಬರದಿತ್ತಲ್ಲ?"

"ಬರದಿತ್ರಿ."

"ಓದಿದ್ದಿ?"

"ಓದಿದ್ನಿರಿ. ಸಾಹುಕಾರ್ರು ಅಷ್ಟು ಪ್ರೀತೀಲೆ ಕೊಟ್ರು. ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

ಅಜ್ಜಾರು ಮೈಯ ಮಣ್ಣು ಜಾಡಿಸಿಕೊಂಡರು.

"ಪ್ಯಾಟಿಗೆ ಹೋಗು. ಹಿಡಿಯೂ ಎಣ್ಣಿ ತಾ."

ಪೇಟೆಯ ಅಂಗಡಿಯವನು ಮೊದಲು ಅದೇ ಬಂಗಾರದ ಡಬ್ಬಿ ಇಟ್ಟ.

"ಮಠದವರು ನೀವು, ಎಲ್ಲಾದಕ್ಕಿಂತ ಛಲೋದು ಒಯ್ರಿ."

ಮುರಿಗೆಪ್ಪ ಅದರ ಬೆನ್ನು ಓದಿದ. ಕಾರಿಗೆ, ಹೆಚ್ಚಿನ ನುಣುಪಿಗೆ. ಪಕ್ಕಕ್ಕಿಟ್ಟ.

"ಹಂಗಾರ ಟ್ರ್ಯಾಕ್ಟರಿಂದು ಒಯ್ರಿ. ಗಟ್ಟಿ ಎಣ್ಣಿ."

ಅದು ಬೆಲ್ಲದ ಪಾಕದಷ್ಟು ದಪ್ಪ. ಪ್ಲೇಟು ಒಂದಕ್ಕೊಂದು ಅಂಟಿಕೊಂಡು ಕೂತರೆ ಗೇರು ಬದಲಿಸುವಾಗ ಬಿಡುವುದು ಹೇಗೆ? ಹಿಡಿಯಲೂ ಬೇಕು, ಬಿಡು ಅಂದಾಗ ಬಿಡಲೂ ಬೇಕು. ಅದನ್ನೂ ಪಕ್ಕಕ್ಕಿಟ್ಟ.

ಮೂಲೆಯಲ್ಲಿ ಧೂಳು ತಿನ್ನುತ್ತಾ ಒಂದು ಸಾದಾ ಡಬ್ಬಿ ಕೂತಿತ್ತು. ಓದಿದ. ಗೇರಿಗೆ ಮತ್ತು ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ! ಏಡಿಯ ಜೊತೆ ಬಂದ ಪುಸ್ತಕ ತೆಗೆದು ನಂಬರು ತಾಳೆ ನೋಡಿದ. ಅದೇ ನಂಬರು! ಅಂಗಡಿಯಲ್ಲೇ ಕುಣಿಯುವುದೊಂದು ಬಾಕಿ.

"ಅದು ಹಗುರ ರೇಟಿನ ಮಾಲು ಬಿಡ್ರಿ, ಈ ಬಂಗಾರದ್ದ ಒಯ್ರಿ," ಅಂಗಡಿಯವನು ಬಿಡವೊಲ್ಲ.

ಮುರಿಗೆಪ್ಪ ಸಾದಾ ಡಬ್ಬಿಯನ್ನು ಎದೆಗೆ ಅವಚಿಕೊಂಡ.

"ಅದೂ ಛಲೋನ ಐತ್ರಿ, ಆ ಇನ್ನೊಂದೂ ಭಾಳ ಛಲೋ ಐತ್ರಿ. ಆದ್ರ... ಇದನ್ನ ಎರಡು ಡಬ್ಬಿ ಕೊಡ್ರಿ."

ಇಲ್ಲ ಅನ್ನುವ ಮಾತು ಆಗಲೂ ಗಂಟಲಲ್ಲೇ ಉಳಿಯಿತು. ಎಣ್ಣೆ ಸಿಕ್ಕಿತಲ್ಲ, ಸಾಕು ಅಂದುಕೊಂಡ.

ಮಠಕ್ಕೆ ಬಂದವನೇ ಕಾರಿನ ಎಣ್ಣೆ ಇಳಿಸಿ, ಪ್ಲೇಟುಗಳನ್ನು ಬಿಚ್ಚಿ ಒರೆಸಿದ. ಒಂದು ಡಬ್ಬಿ ಎಣ್ಣೆಯಲ್ಲಿ ಅವನ್ನು ಹೊತ್ತು ಇಳಿಯುವ ತನಕ ನೆನೆಹಾಕಿದ. ಆಮೇಲೆ ಜೋಡಿಸಿ ಇನ್ನೊಂದು ಡಬ್ಬಿ ಸುರಿದು, ಬಸವಾ ಅಂತ ಗಾಡಿ ಹತ್ತಿದ.

ಏಡಿ ಒಂದೇ ಉಸಿರಿಗೆ ದಿಬ್ಬ ಹತ್ತಿತು!

"ಹಿಡೀತು! ಅಜ್ಜಾರ, ಹಿಡೀತು!" ಅವನ ಕೂಗಿಗೆ ದಂಡೆಯ ಕೊಕ್ಕರೆಗಳೆಲ್ಲ ಎದ್ದುಹೋದವು.

"ಹೂಂ," ಅಂದರು ಅಜ್ಜಾರು. "ಅದು ಹಿಡೀತು."

ಗುರುವಾರ ಎಂಟು ಗಂಟೆಗೆ ನಡುಗಡ್ಡೆಯಲ್ಲಿ ಹೊಳೆವ್ವ ಏಡಿ ಹತ್ತಿ ಮುರಿಗೆಪ್ಪನ ಹಿಂದೆ ಕೂತಳು. ಹಾಲ್ ಟಿಕೆಟ್ಟು ಪ್ಲಾಸ್ಟಿಕ್ ಚೀಲದಲ್ಲಿ, ಚೀಲ ಸೆರಗಿನಲ್ಲಿ, ಸೆರಗು ಸೊಂಟದಲ್ಲಿ.

"ತಮ್ಮಾ, ವೃತ್ತದ ಸೂತ್ರ ಮರತಬಿಟ್ಟೆನೋ!"

"ಅಕ್ಕಾ, ರೊಟ್ಟಿ ಬಡಿಯೂ ಮುಂದ ನೀ ದಿನಾ ಹೇಳತಿದ್ದ್ಯಲ್ಲ, ಕಣ್ಣು ಮುಚ್ಚಿ ರೊಟ್ಟಿ ನೆನಸ್ಕೋ!"

"ಬಂತು ಬಂತು! ಬಂತೋ ತಮ್ಮಾ!"

ರಾತ್ರಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಮೊಣಕಾಲಿನ ನೀರು ತೊಡೆಗೆ ಬಂದಿತ್ತು. ಏಡಿ ನೀರು ಚಿಮ್ಮಿಸುತ್ತಾ, ಮರಳು ಕಚ್ಚುತ್ತಾ ನಡುಹೊಳೆ ದಾಟಿತು. ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು.

ದಂಡೆಯ ಮೇಲೆ ಅಜ್ಜಾರು ಕೋಲು ಎತ್ತಿ ಬೀಸುತ್ತಿದ್ದರು.

"ಮೆಟ್ಟಿಲ ಬಾಜೂಕ ಹತ್ತೋ! ಅದ ಸಮೀಪ!"

ಮುರಿಗೆಪ್ಪ ಅತ್ತ ನೋಡಿದ. ಹೊಸ ನೀರು ಮಠದ ಮೆಟ್ಟಿಲ ಪಕ್ಕದ ದಂಡೆಯನ್ನು ಕೆಳಗಿನಿಂದ ಕೊರೆದಿತ್ತು. ಮೇಲೆ ನಿಂತವರಿಗೆ ನೆಲ ಗಟ್ಟಿ, ಕೆಳಗೆ ಪೊಳ್ಳು. ಆದರೆ ಹತ್ತು ಅಂದದ್ದು ಅಜ್ಜಾರು. ಗುರುವಿನ ಮಾತು. ಬೆನ್ನ ಹಿಂದೆ ಹೊಳೆವ್ವ ರೊಟ್ಟಿಯ ಸೂತ್ರ ಜಪಿಸುತ್ತಿದ್ದಳು.

"ಇಲ್ಲರೀ ಅಜ್ಜಾರ!"

ಮಾತು ತಾನಾಗಿ ಹಾರಿ ಬಂದಿತ್ತು.

"ಏನಂದೀ?"

"ಇಲ್ಲ! ಅಲ್ಲಿ ಹತ್ತೂದಿಲ್ಲರೀ! ನಾ ಜಾಲಿಗಿಡದ ಕಡೆ ಹತ್ತತೀನಿ! ಅಕ್ಕಾ, ಗಟ್ಟಿ ಹಿಡಕೋ!"

ಗಾಡಿ ತಿರುಗಿತು. ಕಡಿದಾದ ದಿಬ್ಬ. ಇಂಜಿನ್ನು ಗುಡುಗಿತು, ಪ್ಲೇಟು ಕಚ್ಚಿದವು, ಗಾಲಿ ನೆಲ ಅಗೆದು ಮೇಲೆದ್ದವು. ಏಡಿ ಜಿಗಿದು ದಂಡೆಗೆ ಬಂತು! ಹೊಳೆವ್ವ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಬಸ್ಸಿನ ಬಾಗಿಲಲ್ಲಿ ತೂಗಾಡುತ್ತಾ, "ತಮ್ಮಾ, ಬರೀತೀನೋ! ಈ ಸಲ ಬಿಡೂದಿಲ್ಲ!" ಅಂತ ಕೂಗಿದ್ದು ಇಡೀ ಊರಿಗೆ ಕೇಳಿಸಿತು.

ಬಸ್ಸಿನ ಧೂಳು ಅಡಗಿತು. ಅಜ್ಜಾರು ನಿಧಾನವಾಗಿ ಮೆಟ್ಟಿಲ ಕಡೆ ನಡೆದರು. ದಂಡೆಯ ಅಂಚನ್ನು ಕೋಲಿನಿಂದ ಒಮ್ಮೆ ಒತ್ತಿದರು. ಒಂದು ಬಂಡಿ ಮಣ್ಣು ಧಡ್ ಅಂತ ಹೊಳೆಗೆ ಬಿತ್ತು.

ಮುರಿಗೆಪ್ಪ ಓಡಿ ಬಂದು ಅವರ ಕಾಲು ಹಿಡಿದ.

"ಅಜ್ಜಾರ, ತಪ್ಪಾತ್ರಿ. ನಿಮ್ಮ ಮಾತಿಗೆ ಇಲ್ಲ ಅಂದೆ."

ಅಜ್ಜಾರು ಅವನ ರಟ್ಟೆ ಹಿಡಿದು ಎಬ್ಬಿಸಿದರು.

"ಏಡಿ ಕ್ಲಚ್ಚು ನಿನ್ನೆನ ಹಿಡೀತು. ನಿಂದು ಇವತ್ತ ಹಿಡೀತು ನೋಡು."