ದಳವಾಯಿಯ ಬೆರಳು ಹಿಡಿದ ಮೀನು

“ಕೂಸು ಎತ್ತಿಕೊಂಡು ಓಡಾಡೋನು ಗಂಡಸೇ ಅಲ್ಲ!” ಅಂತ ದಳವಾಯಿ ಕೆಂಚರಾಯ ಸೂಜಿಕೋಟೆಯ ದೊರೆ ಮುಂದೆ ಮೀಸೆ ತಿರುವಿದ.

ಅಂದದ್ದು ಮುದ್ದಯ್ಯನಿಗೆ. ಆಸ್ಥಾನದಲ್ಲಿ ನಗಿಸೋದು ಮುದ್ದಯ್ಯನ ಕೆಲಸ. ಕಡ್ಡಿಯಂಥ ಆಳು, ಮುಂದಿನ ಹಲ್ಲುಗಳಿಲ್ಲ; ಕರು ಅಟ್ಟಿಸಿಕೊಂಡು ಬಂತು ಅಂತ ಓಡಿ ಬಿದ್ದು ಮುರಿದುಕೊಂಡದ್ದು. ಹೆಂಡತಿ ಗಿರಿಯಮ್ಮ ಸೂಲಗಿತ್ತಿ, ಪಕ್ಕದೂರಿಗೆ ಹೆರಿಗೆ ಮಾಡಿಸೋಕೆ ಹೋಗಿದ್ದಳು. ಮನೇಲಿ ಬೇರೆ ಯಾರೂ ಇಲ್ಲ, ಇವನು ಕೂಸನ್ನು ಜೋಳಿಗೆಗೆ ಹಾಕ್ಕೊಂಡು ಆಸ್ಥಾನಕ್ಕೇ ಬಂದುಬಿಟ್ಟಿದ್ದ. ಕೂಸೋ, ರತ್ನಗಂಬಳಿ ಮೇಲೆ ಉಚ್ಚೆ ಹೊಯ್ದು ನಗುತ್ತಿತ್ತು.

“ಇವನನ್ನು ಕಳಿಸಿ, ಆ ಜಾಗಕ್ಕೆ ನನ್ನ ಅಳಿಯನನ್ನು ಕೂರಿಸಿ ಪ್ರಭು,” ಅಂದ ದಳವಾಯಿ.

ದೊರೆಗೂ ಚೇಷ್ಟೆ. “ಮುದ್ದಯ್ಯ, ಮರಿ ಕಾಯೋ ಗಂಡು ಶೂರನೂ ಆಗಿರೋದನ್ನ ಸಂಜೆಯೊಳಗೆ ತೋರಿಸು. ಇಲ್ಲಾಂದ್ರೆ ನಿನ್ನ ಜಾಗ ಅಳಿಯನಿಗೆ.”

ಮುದ್ದಯ್ಯ ತನ್ನ ತೋಳು ನೋಡಿಕೊಂಡ. ಅಲ್ಲಿ ಶೌರ್ಯ ಇರಲಿಲ್ಲ, ಕೂಸಿನ ಜೊಲ್ಲಿತ್ತು. ಆಗ ಅರಮನೆ ಕೊಳ ನೆನಪಾಯಿತು. ಮೊನ್ನೆ ಅಲ್ಲಿ ಕೂಸಿನ ಬಟ್ಟೆ ಜಾಲಿಸೋಕೆ ಹೋಗಿ, ಒಂದು ಮೀನಿಗೆ ಹೆದರಿ ಬಟ್ಟೆ ಬಿಟ್ಟು ಓಡಿಬಂದಿದ್ದ!

ಎಲ್ಲರನ್ನೂ ಕೊಳಕ್ಕೆ ಕರಕೊಂಡು ಹೋದ.

“ದಳವಾಯಿಗಳೇ, ಆ ಜೊಂಡಿನ ನಡುವೆ ಹಳದಿ ಸಾಸಿವೆ ಚೆಲ್ಲಿದ ಹಾಗೆ ತೇಲ್ತಿದೆಯಲ್ಲ, ಕೊರವ ಮೀನಿನ ಮೊಟ್ಟೆ. ಒಂದು ಬೊಗಸೆ ತೆಗೆದುಕೊಡಿ, ಸೋತೆ ಅಂತೀನಿ. ಕಾಯ್ತಿರೋದು ಮೊಳದುದ್ದದ ಒಂದೇ ಮೀನು.”

“ಆನೆ ಪಳಗಿಸಿದ ಕೈಗೆ ಮೀನು ಯಾವ ಲೆಕ್ಕವೋ!” ಕೆಂಚರಾಯ ಬಗ್ಗಿ ಕೈ ಹಾಕಿದ.

ನೀರು ಛಳ್ ಅಂತು. “ಅಯ್ಯಯ್ಯೋ!” ಬೆರಳು ಕಚ್ಚಿ ನೇತಾಡ್ತಿದ್ದ ಮೀನನ್ನು ಕೊಡವುತ್ತಾ ದಳವಾಯಿ ಕೆಸರಲ್ಲಿ ಕುಕ್ಕರಿಸಿದ. ಮೀನು ನೀರಿಗೆ ಬಿದ್ದಿದ್ದೇ ತಡ, ಕಳಚಿಬಿದ್ದು ತೇಲ್ತಿದ್ದ ಅವನ ಪೇಟಕ್ಕೂ ಮೂತಿಯಿಂದ ಗುದ್ದಿತು.

“ಅಬ್ಬಾ, ಎಂಥ ತಾಯಿ ಇದು!” ಅಂದ ದಳವಾಯಿ.

“ತಾಯಿ ಅಲ್ಲ ಸ್ವಾಮಿ, ಅಪ್ಪ. ಆಯಮ್ಮ ಮೊಟ್ಟೆ ಇಟ್ಟು ಅತ್ತ ಹೋದಳು. ಇವನು ಜೊಂಡು ಸರಿಸಿ ಜಾಗ ಮಾಡಿ, ಕೂಳು ಬಿಟ್ಟು ಕಾಯ್ತಿದ್ದಾನೆ. ಬೇರೆ ಗಂಡು ಸುಳಿದರೆ ಬಿಡೋನಲ್ಲ. ನೀವು ಸುಳಿದಿರಿ, ನಿಮಗೂ ಅದೇ ಮರ್ಯಾದೆ.”

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. “ಭೇಷ್! ನಿನ್ನ ಜಾಗಕ್ಕೆ ಬಂದವನನ್ನ ನೀನೂ ಹೀಗೇ ಕಚ್ಚುತ್ತಿದ್ದೆಯೇನೋ?”

ಮುದ್ದಯ್ಯ ಬೋಳು ಒಸಡು ತೋರಿಸಿದ. “ನಾನೆಲ್ಲಿ ಪ್ರಭು, ಕರುವಿಗೆ ಹೆದರಿದೋನು! ಕಚ್ಚೋ ಆಸೆಯೇನೋ ಇತ್ತು, ಹಲ್ಲಿರಲಿಲ್ಲ. ಅದಕ್ಕೇ ಇವನ ಬಾಯಿ ಸಾಲ ತಂದೆ.”

ಮರುದಿನ ಮುದ್ದಯ್ಯನ ಆಸನದ ಪಕ್ಕದಲ್ಲೇ ಒಂದು ತೊಟ್ಟಿಲು ಬಂತು. ಅದನ್ನು ತೂಗೋ ಹಗ್ಗವನ್ನು ಮಾತ್ರ ದೊರೆ ದಳವಾಯಿಯ ಕಡೆಗೇ ಬಿಡಿಸಿದ್ದ, ಬಟ್ಟೆ ಸುತ್ತಿದ ಬೆರಳಿಗೆ ಎಟುಕೋ ಹಾಗೆ.