ಗುಲಾಬಿಯ ದೋಣಿಯ ತಪ್ಪುಗಳು

ಹೊಳೆ ಕಡಲು ಸೇರುವಲ್ಲಿ ಪರಮಯ್ಯ ಗುರುಗಳ ಚಪ್ಪರವಿತ್ತು. ಮೇಲೆ ತೆಂಗಿನ ಮಡಲು, ಕೆಳಗೆ ಮರದ ಪುಡಿ, ಒಳಗೆ ಇಬ್ಬರು ಶಿಷ್ಯರು. ಆಶ್ರಮ ಎಂದವರಿಗೆ ಆಶ್ರಮ, ಕೊಟ್ಟಿಗೆ ಎಂದವರಿಗೆ ಕೊಟ್ಟಿಗೆ.

ಒಂದು ಕಾಲದಲ್ಲಿ ಗುರುಗಳು ರಂಪಣಿ ದೋಣಿ ಕಟ್ಟುತ್ತಿದ್ದರು. ರಂಪಣಿ ಎಂದರೆ ಊರಿಗೆ ಊರೇ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ. ಅದನ್ನು ಹೊತ್ತು ಕಡಲಿಗಿಳಿಯುವ ದೋಣಿಗೆ ಮೊಳೆ ಹೊಡೆಯುವಂತಿಲ್ಲ. ಹಲಗೆಗೆ ಹಲಗೆಯನ್ನು ತೆಂಗಿನ ಹುರಿಯಿಂದ ಹೊಲಿಯಬೇಕು.

ಯಂತ್ರದ ಬೋಟುಗಳು ಬಂದವು. ಹಳೆಯ ದೋಣಿಗಳು ಮರಳಿನ ಮೇಲೆ ಕೂತು ಕೂತು ಲಡ್ಡು ಹಿಡಿದು ಪುಡಿಪುಡಿಯಾದವು. ಊರಿನ ಕೊನೆಯ ರಂಪಣಿ ದೋಣಿಯನ್ನು ಕೊಡಲಿ ಹಾಕಿ ಸೀಳಿ ಒಲೆಗೆ ಕೊಟ್ಟರು.

ಆ ಕೊನೆಯ ದೋಣಿಯನ್ನು ನಡೆಸುತ್ತಿದ್ದ ತಾಂಡೇಲ, ಗುರುಗಳ ಹಿರಿಯ ಶಿಷ್ಯ ಸಂಜೀವನ ಅಪ್ಪ. ದೋಣಿ ಒಲೆಗೆ ಹೋದ ವರ್ಷವೇ ಅಪ್ಪನೂ ಹೋದ.

ಹಾಗಾಗಿ ಮೀನುಗಾರರ ಹಿರಿಯ, ಗುರಿಕಾರ, ಒಂದು ದಿನ ಚಪ್ಪರಕ್ಕೆ ಬಂದು ಹೀಗೆ ಕೇಳಿದಾಗ ಸಂಜೀವ ಕೈಯಲ್ಲಿದ್ದ ಉಳಿ ಬಿಟ್ಟು ಹತ್ತಿರ ಬಂದ.

"ಗುರುಗಳೇ, ನಮ್ಮ ಮಕ್ಕಳಿಗೆ ರಂಪಣಿ ದೋಣಿ ಅಂದ್ರೆ ಎಂತ ಅಂತಲೇ ಗೊತ್ತಿಲ್ಲ. ಸಣ್ಣದೊಂದು ಮಾಡಿಸಿ ಕೊಡಿ. ಸಭಾಭವನದಲ್ಲಿ ಇಡ್ತೇವೆ."

ವಯಸ್ಸಿನಿಂದ ಗುರುಗಳ ಕೈ ಆಗಲೇ ನಡುಗುತ್ತಿತ್ತು. ಅವರು ಶಿಷ್ಯರಿಬ್ಬರನ್ನೂ ಕರೆದರು.

"ಒಬ್ಬೊಬ್ಬರು ಒಂದೊಂದು ಕಟ್ಟಿ. ಮಾರಿಗೆ ಗೇಣಿನ ಲೆಕ್ಕ. ಅದರಲ್ಲಿ ಮಾರುದ್ದ ಇದ್ದದ್ದು ಇದರಲ್ಲಿ ಗೇಣುದ್ದ. ಹೆಬ್ಬಲಸಿನ ಹಲಗೆ, ತೆಂಗಿನ ಹುರಿ. ಅಲ್ಲಿ ಇದ್ದದ್ದೆಲ್ಲ ಇಲ್ಲಿಯೂ ಇರಬೇಕು. ಯಾವುದನ್ನು ಕೊಂಡುಹೋಗುವುದು ಅಂತ ಊರವರೇ ಹೇಳಲಿ."

ಒಬ್ಬೊಬ್ಬರು ಒಂದೊಂದಂತೆ! ಸಂಜೀವನ ಮುಖ ಇಷ್ಟು ದಪ್ಪವಾಯಿತು.

ಏಕೆಂದರೆ ಇನ್ನೊಬ್ಬ ಶಿಷ್ಯೆ ಗುಲಾಬಿ. ಘಟ್ಟದ ಬುಡದ ಊರಿನವಳು. ಪೇಟೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ದೋಣಿಯನ್ನೂ ಹೊಲಿಯುತ್ತಾರೆ ಎಂದು ಯಾರೋ ಹೇಳಿದ್ದನ್ನು ಕೇಳಿ ನೋಡಲು ಬಂದವಳು ಇಲ್ಲೇ ಉಳಿದುಬಿಟ್ಟಳು. ಒಂದು ದಿನಕ್ಕೂ ಕಡಲಿಗೆ ಇಳಿದವಳಲ್ಲ. ಬಂಗುಡೆ ಮೀನು ಹಸಿಯೋ ಹಳತೋ ಎಂದು ಕೇಳಿದರೂ ತಡವರಿಸುತ್ತಿದ್ದಳು.

ಇಂಥವಳಿಗೂ ತನಗೂ ಒಂದೇ ತಕ್ಕಡಿ ಹಿಡಿದರಲ್ಲ ಎಂದು ಸಂಜೀವನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಸಭಾಭವನಕ್ಕೆ ಹೋಗಬೇಕಾದದ್ದು ತನ್ನ ದೋಣಿ. ತಾಂಡೇಲನ ಮಗ ಅಪ್ಪನ ದೋಣಿಯನ್ನು ವಾಪಸು ತಂದ ಎಂದು ಊರು ಹೇಳಬೇಕು. ಅವನಿಗೆ ಬೇಕಾಗಿದ್ದದ್ದು ಅದೊಂದೇ.

ಕೆಲಸ ಶುರುವಾಯಿತು. ಚಪ್ಪರದ ಆ ಬದಿಯಲ್ಲಿ ಅವಳು ದೋಣಿ ಕೂರಿಸುವ ಮಣೆ, ಈ ಬದಿಯಲ್ಲಿ ಇವನದ್ದು.

ಒಂದು ಬೆಳಿಗ್ಗೆ ಗುರುಗಳು ಗುಲಾಬಿಯ ಹೊಲಿಗೆಯ ಮೇಲೆ ಬೆರಳಾಡಿಸಿ, "ಹ್ಞೂಂ," ಎಂದರು.

ಬರೇ ಒಂದು ಹ್ಞೂಂ. ಇಷ್ಟು ವರ್ಷದಲ್ಲಿ ಆ ಹ್ಞೂಂ ಸಂಜೀವನಿಗೆ ಸಿಕ್ಕಿರಲಿಲ್ಲ. ಅವತ್ತು ಮಧ್ಯಾಹ್ನ ಅವನು ಗಂಜಿಯನ್ನು ಅರ್ಧಕ್ಕೇ ಬಿಟ್ಟ.

ಗಂಜಿ ಬಿಟ್ಟು ಎದ್ದವನು ನೇರ ಅವಳ ದೋಣಿಯ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತ. ಒಂದು ಕಣ್ಣು ಮುಚ್ಚಿ ನೋಡಿದ. ಮತ್ತೊಂದು ಕಣ್ಣು ಮುಚ್ಚಿ ನೋಡಿದ. ಅವನ ಮುಖ ಅರಳಿತು.

"ಗುರುಗಳೇ, ಇವಳ ದೋಣಿಯ ಮೂತಿ ಎಡಕ್ಕೆ ವಾಲಿದೆ."

"ಹೌದಾ? ಎಷ್ಟು?"

"ಒಂದು ಅಕ್ಕಿಕಾಳಿನಷ್ಟು."

"ಇಲ್ಲಿ ಅಕ್ಕಿಕಾಳು ಅಂದ್ರೆ ಕಡಲಲ್ಲಿ ಎರಡು ಬೆರಳು," ಎಂದರು ಗುರುಗಳು. "ಕೇಳಿತಾ ಗುಲಾಬಿ?"

"ಕೇಳಿತು," ಎಂದಳು ಗುಲಾಬಿ. ಬಂದು ಸಂಜೀವನ ಪಕ್ಕದಲ್ಲೇ ಕೂತು, ಅವನಂತೆಯೇ ಒಂದು ಕಣ್ಣು ಮುಚ್ಚಿ ನೋಡಿದಳು. "ಹೌದು ಸಂಜೀವಣ್ಣ, ವಾಲಿದೆ."

ಹೊಲಿಗೆ ಬಿಚ್ಚಿದಳು. ಮೂತಿ ನೆಟ್ಟಗೆ ಮಾಡಿ ಮತ್ತೆ ಹೊಲಿದಳು. ಅಷ್ಟು ಹೊಲಿಗೆ ಬಿಚ್ಚಿಸಿದ ಖುಷಿಗೆ ಸಂಜೀವ ರಾತ್ರಿ ಎರಡು ತುತ್ತು ಹೆಚ್ಚೇ ಉಂಡ.

ಅಲ್ಲಿಂದ ಅವನಿಗೆ ಅದೇ ಕೆಲಸವಾಯಿತು. ಎದ್ದು ಮುಖ ತೊಳೆದನೋ ಇಲ್ಲವೋ, ಗುಲಾಬಿಯ ದೋಣಿಯ ಮುಂದೆ ಹಾಜರು.

"ಗುರುಗಳೇ, ಇಲ್ಲಿ ಹೊಲಿಗೆಯ ತೂತು ಹತ್ತಿರ ಹತ್ತಿರ ಆಯ್ತು. ಹಲಗೆ ಸೀಳ್ತದೆ."

ಗುಲಾಬಿ ಹಲಗೆ ಬದಲಾಯಿಸಿದಳು.

"ಗುರುಗಳೇ, ಇಲ್ಲಿ ಹುರಿ ಸಡಿಲ ಉಂಟು."

ಗುಲಾಬಿ ಹುರಿ ಬಿಗಿ ಮಾಡಿದಳು.

"ಗುರುಗಳೇ, ಬಲೆ ರಾಶಿ ಹಾಕಲಿಕ್ಕೆ ಜಾಗ ಸಾಲದು. ನನ್ನ ಅಪ್ಪನ ದೋಣಿಯಲ್ಲಿ ಇದಕ್ಕಿಂತ ಅಗಲ ಇತ್ತು."

ಗುಲಾಬಿ ಅಗಲ ಮಾಡಿದಳು.

ಒಂದು ಸಲಕ್ಕೂ ಅವಳು ಮುಖ ಸಿಂಡರಿಸಲಿಲ್ಲ. ಇದು ಸಂಜೀವನ ಉರಿಗೆ ಇನ್ನಷ್ಟು ಸೌದೆ ಹಾಕಿತು. ಅತ್ತಿದ್ದರೆ, ಜಗಳಕ್ಕೆ ಬಂದಿದ್ದರೆ, ಗಂಟುಮೂಟೆ ಕಟ್ಟಿಕೊಂಡು ಪೇಟೆಗೆ ಹೋಗಿದ್ದರೆ ಅವನಿಗೆ ಎಷ್ಟು ತಂಪಾಗುತ್ತಿತ್ತು!

ಗುರುಗಳು ಅವನನ್ನು ತಡೆಯಲೂ ಇಲ್ಲ, ಬೈಯಲೂ ಇಲ್ಲ. ಅವನು ಒಂದು ತಪ್ಪು ಹೇಳಿದರೆ, "ಬೇರೆ?" ಎಂದು ಕೇಳುತ್ತಿದ್ದರು.

ಒಮ್ಮೆ ಮಾತ್ರ ಅವರು, "ನಿನ್ನದು ಹೇಗುಂಟು ಸಂಜೀವ?" ಎಂದರು.

"ನಂದಕ್ಕೆ ಎಂತ ಆಗಿದೆ ಗುರುಗಳೇ? ನಂದು ಸರಿಯಾಗಿಯೇ ಉಂಟು," ಎಂದ ಸಂಜೀವ, ಕಣ್ಣನ್ನು ಗುಲಾಬಿಯ ದೋಣಿಯಿಂದ ತೆಗೆಯದೆ.

ಗುರುಗಳು ಅವನ ದೋಣಿಯ ಕಡೆ ಹೋಗಲಿಲ್ಲ.

ದಿನ ಕಳೆದಂತೆ ಗುಲಾಬಿಯ ದೋಣಿಯಲ್ಲಿ ತಪ್ಪು ಹುಡುಕುವುದು ಕಷ್ಟವಾಗತೊಡಗಿತು. ಸಂಜೀವನ ಹೊಟ್ಟೆಯುರಿ ಮಾತ್ರ ಕಡಿಮೆಯಾಗಲಿಲ್ಲ. ಒಂದು ಸಂಜೆ, ಗುಲಾಬಿ ಹುರಿ ನೆನೆಹಾಕಲು ಹೊಳೆಗೆ ಹೋಗಿದ್ದಾಗ, ಅದು ಬಾಯಿಗೇ ಬಂತು.

"ಗುರುಗಳೇ, ನಿಮಗೆ ಅವಳ ಮೇಲೆಯೇ ಪ್ರೀತಿ. ಅವಳ ತಪ್ಪು ಎಲ್ಲ ತಿದ್ದಿಸ್ತೀರಿ. ನನ್ನ ಹತ್ತಿರ ಬಂದು ನೋಡುವುದೇ ಇಲ್ಲ."

ಗುರುಗಳು ಉಳಿ ಮಸೆಯುವುದನ್ನು ನಿಲ್ಲಿಸಿದರು.

"ಅವಳಿಗೆ ಇಬ್ಬರು ಗುರುಗಳು ಮಾರಾಯ. ನಿನಗೆ ಒಬ್ಬನೇ. ಅವನಿಗೂ ವಯಸ್ಸಾಯ್ತು."

ಸಂಜೀವನ ಕಿವಿ ಮೊದಲ ಮಾತಿಗೇ ನಿಂತಿತು. ಇಬ್ಬರು ಗುರುಗಳು! ಹಾಗಾದರೆ ಯಾರೋ ಕದ್ದು ಕಲಿಸುತ್ತಿದ್ದಾರೆ. ಅದಕ್ಕೇ ಈ ರವಿಕೆಯವಳ ಕೈ ಇಷ್ಟು ಕುದುರಿದೆ!

ಯಾರಿರಬಹುದು? ಹೊಳೆಯಾಚೆಯ ಹಳೆಯ ಬಡಗಿಯೇ? ಕಡಲ ದಡದ ಮುದುಕರೊಬ್ಬರೇ? ಅವಳು ನೀರಿಗೆ ಹೋದರೆ ಇವನು ಹಿಂದೆಯೇ ಹೋಗಿ ಕೇದಗೆ ಪೊದೆಯ ಮರೆಯಲ್ಲಿ ನಿಂತ. ಅವಳು ಪೇಟೆಗೆ ಹೋದರೆ ಇವನಿಗೂ ಪೇಟೆಯಲ್ಲಿ ಕೆಲಸ ಬಂತು. ದಾರಿಯಲ್ಲಿ ಅವಳು ಮಾತಾಡಿದ್ದು ಮೀನು ಮಾರುವವಳ ಹತ್ತಿರ, ಅದೂ ಹಳಸಿದ ಬಂಗುಡೆಗೆ ಮೋಸಹೋಗುತ್ತ.

ಅವಳನ್ನೇ ಕೇಳಿಬಿಡಬಹುದಿತ್ತು. ಆದರೆ ಹಿರಿಯ ಶಿಷ್ಯನಾಗಿ ಅವಳ ಮುಂದೆ ಹೋಗಿ ಹಲ್ಲುಗಿಂಜುವುದೇ? ಕೇಳಲಿಲ್ಲ.

ಒಂದು ಬೆಳಿಗ್ಗೆ ಅವನಿಗೆ ಗುಲಾಬಿಯ ದೋಣಿಯಲ್ಲಿ ಮತ್ತೊಂದು ತಪ್ಪು ಸಿಕ್ಕಿತು. ಸಿಕ್ಕಿದ ರಭಸಕ್ಕೆ ಕೂಗಿಯೇಬಿಟ್ಟ.

"ಗುರುಗಳೇ! ಹುಟ್ಟು ಹಾಕುವವರು ಕೂರುವ ಅಡ್ಡಹಲಗೆ ನೋಡಿ. ಒಂದಕ್ಕೊಂದು ತೀರಾ ಹತ್ತಿರ. ಹಿಂದಿನವನ ಮೊಣಕಾಲು ಮುಂದಿನವನ ಬೆನ್ನಿಗೆ ತಾಗ್ತದೆ. ನನ್ನ ಅಪ್ಪ ಇದನ್ನು ಕಂಡಿದ್ರೆ ಹುಟ್ಟಿನಲ್ಲೇ ಬಾರಿಸ್ತಿದ್ದ."

"ಬೇರೆ?" ಎಂದರು ಗುರುಗಳು.

ಸಂಜೀವ ಮೂತಿಯಿಂದ ಹಿಂಬದಿಯವರೆಗೆ ಹುಡುಕಿದ. ಮಗುಚಿ ಹುಡುಕಿದ. ಒಳಗೆ ಕೈಹಾಕಿ ತಡವಿದ.

"ಬೇರೆ ಇಲ್ಲ," ಎಂದ, ಕಹಿಮಾತ್ರೆ ನುಂಗಿದವನ ದನಿಯಲ್ಲಿ.

ಗುಲಾಬಿ ಅಡ್ಡಹಲಗೆಗಳನ್ನು ಕಿತ್ತು ಹೊಸದಾಗಿ ಕೂರಿಸಿದಳು. ಇಬ್ಬರೂ ತಮ್ಮ ತಮ್ಮ ದೋಣಿಗೆ ಮರ ಕೊಳೆಯದಂತೆ ಗೇರೆಣ್ಣೆ ಬಳಿದು ಒಣಗಲು ಇಟ್ಟರು.

ಗುರಿಕಾರ ಬಂದ. ಜೊತೆಗೆ ರಂಪಣಿ ದೋಣಿಯಲ್ಲಿ ಹುಟ್ಟು ಹಾಕಿ ಹಾಕಿ ಬೆನ್ನು ಬಾಗಿದ ಅಜ್ಜ ಒಬ್ಬ. ಸಂಜೀವನ ಅಪ್ಪನ ಜೊತೆ ಕಡಲಿಗೆ ಇಳಿಯುತ್ತಿದ್ದವನು ಅವನು.

ಸಂಜೀವ ಒಗೆದ ಅಂಗಿ ಹಾಕಿಕೊಂಡು ನಿಂತಿದ್ದ.

ಅಜ್ಜ ಮೊದಲು ಅವನ ದೋಣಿಯ ಬಳಿಗೇ ಬಂದ. ಮೂತಿ ನೋಡಿ ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿದ. ಹೊಲಿಗೆ ಒತ್ತಿ ನೋಡಿದ. ಒಂದೆರಡು ಕಡೆ ಹುರಿ ಬೆರಳಿಗೆ ಬಗ್ಗಿ ಒಳಗೆ ಹೋಯಿತು. ಕೊನೆಗೆ ಅಡ್ಡಹಲಗೆಗಳ ನಡುವೆ ತನ್ನ ಎರಡು ಬೆರಳನ್ನು ಮನುಷ್ಯ ಕೂತಂತೆ ಮಡಚಿ ಕೂರಿಸಿದ.

"ಮಗಾ, ಇದರಲ್ಲಿ ಕೂತ್ರೆ ಹುಟ್ಟು ಎಳೀಲಿಕ್ಕೆ ಆಗುವುದಿಲ್ಲ. ಮೊಣಕಾಲು ಮುಂದಿನವನ ಬೆನ್ನಿಗೆ ತಾಗ್ತದೆ."

ಸಂಜೀವ ಬಗ್ಗಿ ನೋಡಿದ. ಗುಲಾಬಿಯ ದೋಣಿಯಲ್ಲಿ ಅಷ್ಟು ಬೇಗ ಕಂಡದ್ದು, ದಿನಾ ತನ್ನ ಮೂಗಿನ ಕೆಳಗೇ ಇತ್ತು.

ಅಜ್ಜ ಆ ಬದಿಗೆ ಹೋದ. ಗುಲಾಬಿಯ ದೋಣಿಯಲ್ಲಿ ಬೆರಳು ಕೂರಿಸಿದ. ಬೆರಳನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿ ಹುಟ್ಟು ಹಾಕಿಸಿದ. ಬಲೆ ರಾಶಿ ಹಾಕುವ ಜಾಗದಲ್ಲಿ ಅಂಗೈ ಇಟ್ಟವನು ತೆಗೆಯಲೇ ಇಲ್ಲ. ಅವನ ಕಣ್ಣಲ್ಲಿ ನೀರು ಬಂತು.

"ಗುರಿಕಾರ್ರೇ, ಇದೇ ನಮ್ಮ ದೋಣಿ. ತಾಂಡೇಲ ಪಕ್ಕದಲ್ಲಿ ನಿಂತು ಬೈದು ಬೈದು ಮಾಡಿಸಿದ ಹಾಗೆ ಉಂಟು."

"ಕಟ್ಟಿದ್ದು ಯಾರು?" ಎಂದ ಗುರಿಕಾರ.

"ಕಟ್ಟಿದ್ದು ನಾನು," ಎಂದಳು ಗುಲಾಬಿ. "ಕಲಿಸಿದ್ದು ಸಂಜೀವಣ್ಣ. ದಿನಾ ಬೆಳಿಗ್ಗೆ ಬಂದು, ಒಂದೊಂದೇ ತಪ್ಪು ತೋರಿಸಿ ಕೊಟ್ರು. ಅವರಿಲ್ಲದಿದ್ರೆ ಇದು ದೋಣಿಯೇ ಆಗ್ತಿರಲಿಲ್ಲ."

ಅವಳ ಮಾತಿನಲ್ಲಿ ಕೊಂಕಿದೆಯೇ ಎಂದು ಸಂಜೀವ ಅವಳ ಮುಖ ನೋಡಿದ. ಹುಡುಕುವುದರಲ್ಲಿ ಅವನೇನು ಹೊಸಬನಲ್ಲ. ಆದರೂ ಸಿಗಲಿಲ್ಲ.

"ದೊಡ್ಡ ಮನಸ್ಸು ಮಾರಾಯ ನಿಂದು," ಎಂದು ಅಜ್ಜ ಅವನ ಭುಜ ತಟ್ಟಿದ. ಆ ತಟ್ಟಿದ ಜಾಗ ಕೆಂಡ ತಾಗಿದಂತೆ ಉರಿಯಿತು.

ಗುರಿಕಾರ ಒಂದು ತುದಿ, ಗುಲಾಬಿ ಒಂದು ತುದಿ ಹಿಡಿದು ದೋಣಿಯನ್ನು ಹೊತ್ತು ಊರಿನ ದಾರಿ ಹಿಡಿದರು. ಅಜ್ಜ ಮಕ್ಕಳ ಹಾಗೆ ಹಿಂದೆ ಹಿಂದೆಯೇ ಹೋದ.

ಚಪ್ಪರದಲ್ಲಿ ಗುರುಗಳೂ ಸಂಜೀವನೂ ಉಳಿದರು.

"ನನಗೆ ಮೋಸ ಮಾಡಿದ್ರಿ ಗುರುಗಳೇ," ಎಂದ ಸಂಜೀವ. "ಅದು ನನ್ನ ಅಪ್ಪನ ದೋಣಿ. ಅಳತೆ ನನ್ನದು, ನೆನಪು ನನ್ನದು, ಕಣ್ಣು ನನ್ನದು. ಎಲ್ಲ ಅವಳಿಗೆ ಕೊಟ್ಟುಬಿಟ್ರಿ."

"ನಾನು ಕೊಟ್ಟದ್ದು ಅಲ್ಲ. ನೀನೇ ದಿನಾ ಎದ್ದು, ಮುಖ ತೊಳೆಯದೆ ಹೋಗಿ ಕೊಟ್ಟೆ."

"ನೀವು ಒಂದು ಮಾತು ಹೇಳಬಹುದಿತ್ತು."

"ನಿನ್ನದು ಹೇಗುಂಟು ಅಂತ ಕೇಳಿದ್ದೆ. ನೀನು ಅವಳ ದೋಣಿ ನೋಡ್ತಾ ಇದ್ದೆ."

ಸಂಜೀವ ಮರದ ಪುಡಿಯ ಮೇಲೆಯೇ ಕುಸಿದು ಕೂತ. ಹೊಟ್ಟೆಕಿಚ್ಚು ಹೋಗಿರಲಿಲ್ಲ. ಅದು ಅಷ್ಟು ಸುಲಭಕ್ಕೆ ಹೋಗುವ ಜಾತಿಯದ್ದೂ ಅಲ್ಲ. ಆದರೆ ಅದಕ್ಕೀಗ ಕಚ್ಚಲು ಎದುರಿಗೆ ಯಾರೂ ಇರಲಿಲ್ಲ.

"ನನ್ನದನ್ನು ಎಂತ ಮಾಡಲಿ?" ಎಂದ ಕೊನೆಗೆ. "ಒಲೆಗೆ ಹಾಕಲಾ?"

"ಎದ್ದು ಆ ತುದಿ ಹಿಡಿ," ಎಂದರು ಗುರುಗಳು.

ಸಂಜೀವ ಹಿಡಿದ. ಈ ತುದಿಯನ್ನು ಗುರುಗಳು ನಡುಗುವ ಕೈಯಲ್ಲಿ ಎತ್ತಿದರು. ಇಬ್ಬರೂ ಅವನ ದೋಣಿಯನ್ನು ಚಪ್ಪರದ ಆ ಬದಿಗೆ ಹೊತ್ತು, ಖಾಲಿಯಾಗಿದ್ದ ಗುಲಾಬಿಯ ಮಣೆಯ ಮೇಲೆ ಇಟ್ಟರು.

ಗುರುಗಳು ಏದುಸಿರು ಬಿಡುತ್ತ ಹಿಂದೆ ಸರಿದು ಜಾಗ ಮಾಡಿಕೊಟ್ಟರು.

"ಅವಳದ್ದು ಅಂತ ತಿಳ್ಕೊಂಡು ಒಮ್ಮೆ ನೋಡು, ಮಾರಾಯ."