ಕಾವು ಕೂತ ಹೆಬ್ಬಾತಿನ ಓಟು

ಥೇಮ್ಸ್ ದಂಡೆಯ ಪ್ರಾಣಿಗಳಿಗೂ ಒಂದು ಪಾರ್ಲಿಮೆಂಟ್ ಇದೆ. ನಂಬದವರು ಹೋಗಿ ನೋಡಿಕೊಂಡು ಬರಬಹುದು. ಅಲ್ಲಿ ಬ್ರೆಕ್ಸಿಟ್ ಮಸೂದೆ ಮತಕ್ಕೆ ಬಂದ ದಿನ ವಿರೋಧ ಪಕ್ಷದ ಹೆಬ್ಬಾತು ಮನೆಯಲ್ಲಿ ಮೊಟ್ಟೆಗಳ ಮೇಲೆ ಕಾವು ಕೂತಿತ್ತು. ಎದುರಾಳಿ ಬರಲಾಗದಿದ್ದರೆ ಈ ಕಡೆಯಿಂದಲೂ ಒಬ್ಬರು ಓಟು ಹಾಕದೆ ಉಳಿಯುವುದು ಆ ಸದನದ ಪದ್ಧತಿ. ಆಡಳಿತ ಪಕ್ಷದ ನರಿ ಹೆಬ್ಬಾತಿಗೆ ಹಾಗೆಂದು ಮಾತು ಕೊಟ್ಟು, ಸದನದ ಬಾಗಿಲಾಚೆ ಕೂತಿತು.

ಪಕ್ಷದ ವಿಪ್ ಬುಲ್‌ಡಾಗ್ ಏದುಸಿರು ಬಿಡುತ್ತಾ ಓಡಿ ಬಂತು. “ಏಳಯ್ಯಾ! ನಿನ್ನದೊಂದು ಓಟು ಬಿದ್ದರೆ ಬ್ರೆಕ್ಸಿಟ್ ನಮ್ಮದು!”

“ನನಗೂ ಬ್ರೆಕ್ಸಿಟ್ ಬೇಕು ಸ್ವಾಮಿ. ಆದರೆ ಮಾತು ಕೊಟ್ಟಿದ್ದೇನೆ.”

“ನರಿಯಾಗಿ ಹುಟ್ಟಿ ಹೀಗೆ ಹೇಳೋಕೆ ನಾಚಿಕೆಯಾಗಲ್ವೇನಯ್ಯಾ?”

“ಆಗ್ತಿದೆ ಸ್ವಾಮಿ. ಆದರೂ ಏಳಲ್ಲ,” ಎಂದಿತು ನರಿ.

ಓಟು ಸಮಸಮ ಬಂದು ಮಸೂದೆ ಬಿತ್ತು. ಅದರ ಹಿಂದೆಯೇ ಸರ್ಕಾರವೂ ಬಿದ್ದು ಚುನಾವಣೆ ಬಂತು. ನರಿಯ ಕ್ಷೇತ್ರಕ್ಕೆ ವಿರೋಧ ಪಕ್ಷದ ಪ್ರಚಾರಕ್ಕೆಂದು ಬಂದದ್ದು ಆ ಹೆಬ್ಬಾತೇ. “ನರಿಯನ್ನು ಸೋಲಿಸಿ! ಅದರ ಬ್ರೆಕ್ಸಿಟ್ ನಮಗೆ ಬೇಡ!” ಎಂದು ಮನೆಮನೆಯ ಮುಂದೆ ಗಂಟಲು ಹರಿದುಕೊಂಡಿತು.

ಕೋಳಿಯೊಂದು ಕೇಳಿತು: “ಅಲ್ಲಮ್ಮಾ, ಇಷ್ಟು ಹೊತ್ತು ಹೊರಗೇ ಇದ್ದೀಯಲ್ಲ, ಮರಿಗಳನ್ನು ಯಾರು ನೋಡ್ಕೋತಾರೆ?”

“ಇನ್ಯಾರು? ನರಿಯ ಮನೆಯಲ್ಲೇ ಬಿಟ್ಟು ಬಂದಿದ್ದೇನೆ,” ಎಂದಿತು ಹೆಬ್ಬಾತು.